ಪರಸ್ಥಳದಲ್ಲಿ ಒಂದು ರಾತ್ರಿ

ನೆಂಟರ ಮನೆಗೆ ಹೋಗಿ ಒಂದು ರಾತ್ರಿ ತಂಗಿ ಬರುವುದೆಂದರೆ ಸಾಮಾನ್ಯ ಗೃಹಸ್ಥರಿಗೆ ಅದು ಆಲೋಚನೆಗೆ ಅರ್ಹವಾದ ವಿಷಯವೇ ಅಲ್ಲ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲು, ಮಕ್ಕಳ ಕೈಗೆ ಕೊಡಲು ಒಂದಿಷ್ಟು ಹಣ್ಣು, ಇಷ್ಟಾದರೆ ಪ್ರಯಾಣದ ಸಿದ್ಧತೆ ಮುಗಿಯಿತು. ಆದರೆ ಇದೇ ಒಂದು ರಾತ್ರಿಯನ್ನು ನೆನೆದು ಅಂಜುವವರೂ ನಮ್ಮ ನಡುವೆ ಇದ್ದಾರೆ. ಮದುವೆಯ ಕರೆಯೋಲೆ ಬಂದಾಗ ಅವರಿಗೆ ಮೊಣಕಾಲು ನೋವು ಕಾಣಿಸಿಕೊಳ್ಳುತ್ತದೆ. ಮಗಳು ಬಾಣಂತನಕ್ಕೆ ಕರೆದಾಗ ರಕ್ತದೊತ್ತಡದ ನೆಪ ಮುಂದೆ ಬರುತ್ತದೆ. ನಿಜವಾದ ಕಾರಣವನ್ನು ಅವರು ಬಂಧುಗಳಿಗೆ ಹೇಳುವುದಿಲ್ಲ. ಎಷ್ಟೋ ವೇಳೆ ಸ್ವಂತ ಮನೆಯವರೊಡನೆ ಕೂಡ ಬಾಯಿಬಿಟ್ಟು ಆಡುವುದಿಲ್ಲ. ಉಟ್ಟ ಬಟ್ಟೆಯ ಒಳಗೆ, ಹೊಟ್ಟೆಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲವೇ ಆ ಕಾರಣ.

ವೈದ್ಯರು ಇದನ್ನು ಆಸ್ಟಮಿ ಎಂದು ಕರೆಯುತ್ತಾರೆ. ಇದರೊಡನೆ ಬದುಕುವವರು ಕಚೇರಿಗೆ ಹೋಗುತ್ತಾರೆ, ಅಡಿಗೆ ಮಾಡುತ್ತಾರೆ, ಪಾಠ ಹೇಳುತ್ತಾರೆ. ಹಗಲನ್ನು ಗೆದ್ದ ಇವರಲ್ಲಿ ಅನೇಕರು ಪರಸ್ಥಳದ ರಾತ್ರಿಗೆ ಮಾತ್ರ ಸೋಲುತ್ತಾರೆ. ಈ ಸೋಲು ಅನಿವಾರ್ಯವೇ? ಅಲ್ಲವೆಂಬುದಕ್ಕೆ ಸಾಕಷ್ಟು ಆಧಾರಗಳಿವೆ.

ಹೊಟ್ಟೆಯ ಮೇಲೆ ಹೊಸ ದಾರಿ

ಗ್ರೀಕ್ ಭಾಷೆಯಲ್ಲಿ ‘ಸ್ಟೋಮಾ’ ಎಂದರೆ ಬಾಯಿ. ಕರುಳಿನಲ್ಲಿ ಕ್ಯಾನ್ಸರ್ ಬೆಳೆದಾಗ, ಹುಣ್ಣಾಗಿ ಕರುಳು ಕೆಟ್ಟಾಗ, ವಿಷಮಶೀತ ಜ್ವರದಿಂದಲೋ ಅಪಘಾತದಿಂದಲೋ ಅದು ತೂತುಬಿದ್ದಾಗ, ಅಥವಾ ಮಗು ಹುಟ್ಟುವಾಗಲೇ ಗುದದ್ವಾರ ಮುಚ್ಚಿಕೊಂಡಿದ್ದಾಗ, ಶಸ್ತ್ರವೈದ್ಯರು ಕರುಳಿನ ಒಂದು ತುದಿಯನ್ನು ಹೊಟ್ಟೆಯ ಮೇಲ್ಮೈಗೆ ತಂದು ಹೊಲಿದು ಅಲ್ಲಿಂದಲೇ ಮಲ ಹೊರಬೀಳುವಂತೆ ಮಾಡುತ್ತಾರೆ. ದೊಡ್ಡ ಕರುಳಿನಿಂದ ತೆರೆದ ಬಾಯಿ ಕೊಲಾಸ್ಟಮಿ. ಸಣ್ಣ ಕರುಳಿನ ಕೊನೆಯಿಂದ ತೆರೆದದ್ದು ಇಲಿಯಾಸ್ಟಮಿ. ಮೂತ್ರಕ್ಕೆ ಮಾಡಿದ ಬದಲು ದಾರಿ ಯೂರಾಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಏರ್ಪಾಡು. ಕರುಳು ಗುಣವಾದ ಮೇಲೆ ಮತ್ತೆ ಒಳಗೆ ಸೇರಿಸಿ ಹೊಲಿಯುತ್ತಾರೆ. ಉಳಿದವರಿಗೆ ಜೀವಮಾನದ ಸಂಗಾತಿ.

ಈ ಬಾಯಿ ನೋಡಲು ತುಟಿಯ ಒಳಭಾಗದಂತೆ ಕೆಂಪಗೆ, ತೇವವಾಗಿರುತ್ತದೆ. ಮುಟ್ಟಿದರೆ ನೋವಿಲ್ಲ. ಆದರೆ ಇದನ್ನು ಬೇಕೆಂದಾಗ ಮುಚ್ಚಿ ತೆರೆಯುವ ಸ್ನಾಯು ಇಲ್ಲದಿರುವುದರಿಂದ, ಹೊರಬರುವುದನ್ನು ತಡೆಹಿಡಿಯುವುದು ಅಸಾಧ್ಯ. ಆದುದರಿಂದಲೇ ಚೀಲ ಬೇಕು. ಆ ಚೀಲದಲ್ಲಿರುವುದಾದರೂ ಏನು? ಪ್ರತಿಯೊಬ್ಬ ಮನುಷ್ಯನೂ ಹೊಟ್ಟೆಯ ಒಳಗೆ ಹೊತ್ತು ತಿರುಗುವುದನ್ನೇ ಇವರು ಒಂದಂಗುಲ ಈಚೆಗೆ ಹೊತ್ತಿದ್ದಾರೆ, ಅಷ್ಟೆ.

ಈ ಚಿಕಿತ್ಸೆ ಇಂದು ನಿನ್ನೆಯದಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದಲ್ಲಿ ಡ್ಯೂರೆ ಎಂಬ ಶಸ್ತ್ರವೈದ್ಯ, ಗುದದ್ವಾರವಿಲ್ಲದೆ ಹುಟ್ಟಿದ ಮೂರು ದಿನದ ಕೂಸಿಗೆ ಹೊಟ್ಟೆಯ ಎಡಭಾಗದಲ್ಲಿ ದಾರಿ ಮಾಡಿಕೊಟ್ಟ. ಅರಿವಳಿಕೆಯ ಔಷಧಿಯಾಗಲಿ, ಕ್ರಿಮಿನಾಶಕದ ಜ್ಞಾನವಾಗಲಿ ಇಲ್ಲದ ಕಾಲವದು. ಆದರೂ ಆ ಕೂಸು ಬದುಕಿ, ಬೆಳೆದು, ನಲವತ್ತೈದು ವರ್ಷದವರೆಗೂ ಬಾಳಿತು. ಇಲಿಯಾಸ್ಟಮಿಯ ಕಷ್ಟ ಇನ್ನೂ ಹೆಚ್ಚಿನದು. ಸಣ್ಣ ಕರುಳಿನ ದ್ರವದಲ್ಲಿ ಆಹಾರವನ್ನು ಜೀರ್ಣಿಸುವ ರಸಗಳು ಇರುವುದರಿಂದ, ಅದು ಸುತ್ತಲ ಚರ್ಮವನ್ನೇ ಸುಡುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬ ವೈದ್ಯರು ಕರುಳಿನ ತುದಿಯನ್ನು ಅಂಗಿಯ ತೋಳು ಮಡಿಸುವಂತೆ ಹೊರಮಗ್ಗುಲಿಗೆ ಮಡಿಸಿ ಹೊಲಿಯುವ ಸುಲಭೋಪಾಯವನ್ನು ಪ್ರಕಟಿಸಿದರು. ಗಿಂಡಿಯ ಮೂತಿಯಂತೆ ಮುಂದೆ ಚಾಚಿದ ಆ ತುದಿಯಿಂದ ದ್ರವ ಚರ್ಮವನ್ನು ಸೋಕದೆ ಚೀಲದೊಳಗೆ ಬೀಳುವಂತಾಯಿತು.

ಒಬ್ಬ ಸೋದರಿಯ ಸಂಕಟ

ಶಸ್ತ್ರಚಿಕಿತ್ಸೆ ಹೀಗೆ ಮುಂದುವರಿದರೂ ಚೀಲದ ಸಂಗತಿ ಹಿಂದೆಯೇ ಉಳಿದಿತ್ತು. ತೊಗಲಿನ ಚೀಲ, ಲೋಹದ ಬಟ್ಟಲು, ಪಟ್ಟಿ ಬಿಗಿದು ಕಟ್ಟುವ ರಬ್ಬರ್ ಚೀಲ ಇವೇ ಗತಿ. ಅವು ಸೋರುತ್ತಿದ್ದವು, ನಾರುತ್ತಿದ್ದವು. ಡೆನ್ಮಾರ್ಕಿನಲ್ಲಿ ಎಲಿಸ್ ಸೋರೆನ್ಸನ್ ಎಂಬ ದಾದಿಯಿದ್ದಳು. ಆಕೆಯ ಸೋದರಿ ಥೋರಾಳಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣ ಉಳಿಯಿತು. ಆದರೆ ಎಲ್ಲಿ ಸೋರಿ ಮಾನ ಹೋಗುವುದೋ ಎಂಬ ಭಯದಿಂದ ಥೋರಾ ಜನರ ನಡುವೆ ಹೋಗುವುದಕ್ಕೇ ಹಿಂಜರಿಯತೊಡಗಿದಳು. ಅವಳ ಸಂಕಟವನ್ನು ಕಂಡ ಎಲಿಸ್ 1954ರಲ್ಲಿ, ಚರ್ಮಕ್ಕೆ ನೇರವಾಗಿ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದಳು. ಪ್ಲಾಸ್ಟಿಕ್ ತಯಾರಕ ಆಗೆ ಲೂಯಿ ಹಾನ್ಸೆನ್ ಮೊದಲು ಇದಕ್ಕೆ ಒಲ್ಲೆನೆಂದ. ಆತನ ಪತ್ನಿ ಜೊಹಾನ್ನೆ ತಾನೂ ದಾದಿಯ ಶಿಕ್ಷಣ ಪಡೆದವಳು. ಇದರ ಬೆಲೆಯನ್ನು ಅರಿತಿದ್ದ ಆಕೆಯ ಒತ್ತಾಯದಿಂದ ಆತ ಚೀಲಗಳನ್ನು ಮಾಡಿಕೊಟ್ಟ. 1957ರಲ್ಲಿ ಇದಕ್ಕಾಗಿಯೇ ಕೊಲೊಪ್ಲಾಸ್ಟ್ ಎಂಬ ಕಂಪನಿ ಹುಟ್ಟಿತು. ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಅಂಟುಚೀಲಗಳ ಮೂಲವಿದು: ಮನೆಯಿಂದ ಹೊರಗೆ ಕಾಲಿಡಲು ಅಂಜಿದ ಒಬ್ಬ ಸೋದರಿ.

ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಆಸ್ಪತ್ರೆಯಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ಶಸ್ತ್ರವೈದ್ಯರು ಚರ್ಮವನ್ನು ಕಾಪಾಡಲು ಕರಾಯ ಗೋಂದನ್ನು ಬಳಸತೊಡಗಿದರು. ಈ ಗೋಂದು ಮುಖ್ಯವಾಗಿ ಭಾರತದ ಒಣಕಾಡುಗಳ ಮರದಿಂದ ಇಳಿಸಿದ್ದೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಟರ್ನ್‌ಬುಲ್ ಮತ್ತೊಂದು ಕೆಲಸ ಮಾಡಿದರು. ತಮ್ಮಲ್ಲಿ ಚಿಕಿತ್ಸೆ ಪಡೆದು ಗುಣವಾಗಿದ್ದ ನಾರ್ಮಾ ಗಿಲ್ ಎಂಬ ಗೃಹಿಣಿಯನ್ನು 1958ರಲ್ಲಿ ಕರೆದು, ಇತರ ರೋಗಿಗಳಿಗೆ ಚೀಲದ ಬಳಕೆ ಕಲಿಸುವ ಕೆಲಸಕ್ಕೆ ನೇಮಿಸಿದರು. ಆಕೆ ಸ್ವತಃ ಚೀಲ ಧರಿಸಿದವಳು. 1961ರಲ್ಲಿ ಅಲ್ಲಿಯೇ ಈ ವಿದ್ಯೆಗೊಂದು ಶಾಲೆ ತೆರೆಯಿತು. ಭಾರತದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂದು ಕಾಣುವ ಸ್ಟೋಮಾ ದಾದಿಯರು ಈ ಪರಂಪರೆಗೆ ಸೇರಿದವರು. ಮುಂಬಯಿಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯಲ್ಲಿಯೂ ಚೀಲ ಧರಿಸಿದವರೇ ಹೊಸಬರಿಗೆ ಧೈರ್ಯ ಹೇಳುವ ಪದ್ಧತಿ ಇದೆ.

ಹೊರಡುವ ಮುನ್ನ

ಮದುವೆಯೊಂದಕ್ಕೆ ಹೊರಟ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. ಸಂಜೆ ವರಪೂಜೆ, ರಾತ್ರಿ ಛತ್ರದಲ್ಲಿ ವಾಸ, ಬೆಳಿಗ್ಗೆ ಮುಹೂರ್ತ. ಅವರ ಸಿದ್ಧತೆಯಲ್ಲಿ ಮೊದಲನೆಯದು ಲೆಕ್ಕಾಚಾರ. ಒಂದು ರಾತ್ರಿಗೆ ಎಷ್ಟು ಚೀಲ ಬೇಕೋ ಅದರ ಎರಡರಷ್ಟನ್ನಾದರೂ ಜೊತೆಗೆ ಇಟ್ಟುಕೊಳ್ಳಬೇಕು. ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಇವು ಸಿಕ್ಕುವುದು ದುರ್ಲಭ. ಚೀಲದ ಅಂಟುಬಿಲ್ಲೆಯ ನಡುವಣ ರಂಧ್ರವನ್ನು ತಮ್ಮ ಅಳತೆಗೆ ಮನೆಯಲ್ಲಿಯೇ ಕತ್ತರಿಸಿ ಇಟ್ಟುಕೊಂಡರೆ, ಛತ್ರದ ಮಂದ ಬೆಳಕಿನಲ್ಲಿ ಕತ್ತರಿ ಹಿಡಿದು ಪರದಾಡುವ ಕಷ್ಟವಿಲ್ಲ. ವಿಮಾನದಲ್ಲಿ ಹೋಗುವವರಿಗೆ ಕತ್ತರಿಯ ತಕರಾರೂ ಇಲ್ಲ. ಒದ್ದೆ ಮಾಡಿ ಒರೆಸಲು ಮೆತ್ತನೆಯ ಬಟ್ಟೆಯ ತುಂಡುಗಳು, ಹಳೆಯ ಪತ್ರಿಕೆಯ ಹಾಳೆ, ಕಪ್ಪು ಪ್ಲಾಸ್ಟಿಕ್ ಚೀಲಗಳು, ಕಿರುಬಾಯಿಯ ಒಂದು ನೀರಿನ ಬಾಟಲಿ, ಬದಲಿಗೆ ಒಂದು ಜೊತೆ ಬಟ್ಟೆ, ಇವೆಲ್ಲ ಒಂದೇ ಕೈಚೀಲದಲ್ಲಿರಬೇಕು. ಆ ಕೈಚೀಲ ಕಣ್ಣಳತೆ ಬಿಟ್ಟು ಹೋಗಬಾರದು. ದೊಡ್ಡ ಪೆಟ್ಟಿಗೆ ಬಸ್ಸಿನ ಮೇಲೆಯೋ ವಿಮಾನದ ಹೊಟ್ಟೆಯಲ್ಲಿಯೋ ಇರಲಿ, ಇದು ಮಾತ್ರ ಮಡಿಲಲ್ಲಿಯೇ ಇರಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಚೀಲದ ಅಂಟು ಕರಗಿ ಕೆಡುತ್ತದೆ.

ಭಾರದ ಪೆಟ್ಟಿಗೆಯನ್ನು ಇವರು ಎತ್ತಕೂಡದು. ಕರುಳನ್ನು ಹೊರತಂದ ಜಾಗದಲ್ಲಿ ಹೊಟ್ಟೆಯ ಸ್ನಾಯು ದುರ್ಬಲವಾಗಿರುವುದರಿಂದ ಅಲ್ಲಿ ಅಂಡವಾಯುವಿನಂತಹ ಊತ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ವೈದ್ಯರಿಂದ ಒಂದು ಪತ್ರವನ್ನು ಬರೆಸಿ ಇಟ್ಟುಕೊಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರತ್ಯೇಕ ಕೋಣೆಯನ್ನು ಕೇಳುವುದು ಸುಲಭ. ರೈಲಿನಲ್ಲಾದರೆ ಕೆಳಗಿನ ಬರ್ತ್ ಮೇಲು. ಭಾರತೀಯ ರೈಲ್ವೆಯ ರಿಯಾಯಿತಿಗಳ ಪಟ್ಟಿಯಲ್ಲಿ ಆಸ್ಟಮಿ ರೋಗಿಗಳೂ ಸೇರಿದ್ದಾರೆಂಬುದು ಅನೇಕರಿಗೆ ತಿಳಿಯದು.

ಉಡುಪಿನ ವಿಚಾರವೂ ಇದೆ. ಪಂಚೆಯ ಬಿಗಿ, ಸೀರೆಯ ನೆರಿಗೆ, ಲಂಗದ ಲಾಡಿ ಇವು ಸ್ಟೋಮಾದ ಮೇಲೆಯೇ ಒತ್ತಿದರೆ ಚೀಲದೊಳಗೆ ಬಿದ್ದದ್ದು ಕೆಳಗಿಳಿಯದೆ ಅಂಟಿನ ಅಡಿಗೆ ನುಗ್ಗುತ್ತದೆ. ಬಲ್ಲ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಾಗಿಸಿ ನೋಡಿ, ಉಡುಪನ್ನು ಕಟ್ಟುವ ರೇಖೆಯನ್ನು ತಪ್ಪಿಸಿ ಜಾಗವನ್ನು ಗುರುತುಮಾಡುವುದು ಈ ಕಾರಣದಿಂದಲೇ.

ಎಲೆಯ ಮುಂದೆ

ಪ್ರಯಾಣದ ದಿನ ಊಟವನ್ನೇ ಬಿಟ್ಟರೆ ಚೀಲ ಖಾಲಿಯಾಗಿರುವುದೆಂದು ಕೆಲವರು ಉಪವಾಸ ಮಾಡುತ್ತಾರೆ. ಇದು ತಪ್ಪು ಎಣಿಕೆ. ಬರಿಯ ಕರುಳಿನಲ್ಲಿ ವಾಯು ಹೆಚ್ಚುತ್ತದೆ. ಸಣ್ಣ ಕರುಳು ಊಟವಿಲ್ಲದಿದ್ದರೂ ದ್ರವವನ್ನು ಸುರಿಸುತ್ತಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ, ಮಿತವಾಗಿ, ಚೆನ್ನಾಗಿ ಅಗಿದು ಉಣ್ಣುವುದೇ ಕ್ಷೇಮ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿದರೆ ನಡುರಾತ್ರಿಯಲ್ಲಿ ಚೀಲ ತುಂಬುವುದು ಕಡಮೆ.

ಮದುವೆಯ ಎಲೆಯಲ್ಲಿ ಬಡಿಸುವ ಪದಾರ್ಥಗಳೆಲ್ಲ ಇವರಿಗೆ ಸಮನಲ್ಲ. ಕೋಸಂಬರಿಯ ಹಸಿಬೇಳೆ, ಎಲೆಕೋಸು, ಈರುಳ್ಳಿ, ಮೂಲಂಗಿ ವಾಯುವನ್ನು ಹೆಚ್ಚಿಸುತ್ತವೆ. ಅನ್ನ, ಮೊಸರು, ಬಾಳೆಯಹಣ್ಣು ಮಲವನ್ನು ಗಟ್ಟಿ ಮಾಡುತ್ತವೆ. ಇಲಿಯಾಸ್ಟಮಿ ಇರುವವರು ತೆಂಗಿನಕಾಯಿಯ ಚೂರು, ಮೆಕ್ಕೆಜೋಳ, ಕಡಲೆಬೀಜ, ನಾರುಳ್ಳ ತರಕಾರಿಗಳ ಬಗ್ಗೆ ವಿಶೇಷ ಎಚ್ಚರಿಕೆ ವಹಿಸಬೇಕು; ಅಗಿಯದೆ ನುಂಗಿದರೆ ಅವು ಸ್ಟೋಮಾದ ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಹಾಗೆಂದು ಎಲ್ಲರ ಹೊಟ್ಟೆಯೂ ಒಂದೇ ರೀತಿಯದಲ್ಲ. ಹೊಸ ಪದಾರ್ಥವನ್ನು ಮೊದಲು ಸ್ವಂತ ಮನೆಯಲ್ಲಿ ಪರೀಕ್ಷಿಸಬೇಕು. ಮದುವೆಯ ಛತ್ರ ಪ್ರಯೋಗಶಾಲೆಯಲ್ಲ.

ನೀರನ್ನು ಕಡಮೆ ಮಾಡುವುದು ಇನ್ನೂ ಅಪಾಯದ ಕೆಲಸ. ದೊಡ್ಡ ಕರುಳು ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ಅಂಗ. ಅದನ್ನು ಕಳೆದುಕೊಂಡವರ ದೇಹದಿಂದ ಇವೆರಡೂ ದಿನವೂ ಹೊರಹೋಗುತ್ತವೆ. ಬಾಯಿ ಒಣಗಿ, ತಲೆ ಸುತ್ತಿ, ಮೂತ್ರ ಕಡಮೆಯಾದರೆ ಬರಿಯ ನೀರು ಸಾಲದು. ಔಷಧಿ ಅಂಗಡಿಯಲ್ಲಿ ಸಿಕ್ಕುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಯಬೇಕು.

ರಾತ್ರಿಯ ಹೊತ್ತು

ಛತ್ರದಲ್ಲಿ ದೀಪವಾರುವ ಮುನ್ನ ಒಮ್ಮೆ ಸ್ನಾನಗೃಹಕ್ಕೆ ಹೋಗಿ ಚೀಲವನ್ನು ಪೂರ್ತಿ ಖಾಲಿ ಮಾಡಬೇಕು. ಹಗಲಿನಲ್ಲಿಯೂ ಚೀಲ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ತುಂಬುವಷ್ಟರಲ್ಲಿ ಖಾಲಿ ಮಾಡುವುದು ನಿಯಮ. ಭಾರ ಹೆಚ್ಚಿದಷ್ಟೂ ಅಂಟು ಸಡಿಲವಾಗುತ್ತದೆ. ಶೌಚದ ಗುಂಡಿಯಲ್ಲಿ ಮೊದಲು ಒಂದಿಷ್ಟು ತೆಳುಕಾಗದ ಹಾಕಿದರೆ ಸಿಡಿಯುವುದಿಲ್ಲ. ಕುಕ್ಕುರುಗಾಲಿನಲ್ಲಿ ಕೂರಬಲ್ಲವರಿಗೆ ನಮ್ಮ ದೇಶದ ಶೌಚಾಲಯವೇನೂ ತೊಂದರೆಯದಲ್ಲ. ಮೊಣಕಾಲು ಬಾಗದವರಿಗೆ ಮಾತ್ರ ಎತ್ತರದ ಕಮೋಡು ಎಲ್ಲಿದೆಯೆಂದು ಹಗಲಿನಲ್ಲಿಯೇ ನೋಡಿಕೊಳ್ಳುವುದು ವಿವೇಕ.

ವಾಸನೆಯ ಭಯ ಎಲ್ಲಕ್ಕಿಂತ ದೊಡ್ಡದು. ಇಂದಿನ ಚೀಲಗಳನ್ನು ವಾಸನೆ ಹಾಯದ ಪದರಗಳಿಂದ ಮಾಡುತ್ತಾರೆ. ಹಲವು ಚೀಲಗಳಲ್ಲಿ ವಾಯು ಹೊರಹೋಗಲು ಇದ್ದಿಲಿನ ಸೋಸಣಿಗೆಯೂ ಇರುತ್ತದೆ. ಚೀಲ ಸರಿಯಾಗಿ ಅಂಟಿಕೊಂಡಿದ್ದರೆ, ಖಾಲಿ ಮಾಡುವ ಹೊತ್ತನ್ನು ಬಿಟ್ಟು ಬೇರೆ ಯಾವಾಗಲೂ ಪಕ್ಕದವರ ಮೂಗಿಗೆ ಏನೂ ತಿಳಿಯದು. ಒಂದು ವೇಳೆ ವಾಸನೆ ಬಂದರೆ ಅದು ಅಂಟು ಬಿಡುತ್ತಿರುವ ಸೂಚನೆ, ಕೂಡಲೇ ಬದಲಿಸಬೇಕು.

ಇಲ್ಲಿ ನಮ್ಮ ನಾಡಿನ ಒಂದು ಸಂಭ್ರಮವೂ ತೊಡಕನ್ನು ತರಬಲ್ಲದು. ಹಬ್ಬದಲ್ಲಿ, ಮದುವೆಯಲ್ಲಿ ಎಣ್ಣೆಸ್ನಾನ ವಾಡಿಕೆ. ಎಣ್ಣೆ ಸೋಕಿದ ಚರ್ಮಕ್ಕೆ ಅಂಟು ಹಿಡಿಯದು. ತಲೆಗೆ ಎಣ್ಣೆ ಒತ್ತಿಸಿಕೊಳ್ಳಲಿ; ಹೊಟ್ಟೆಯ ಹತ್ತಿರ ಮಾತ್ರ ಬೇಡ. ಸ್ನಾನವನ್ನು ಚೀಲ ಇಟ್ಟುಕೊಂಡೇ ಮಾಡಬಹುದು. ಹೊಸ ಚೀಲವನ್ನು ಹಾಕುವಾಗ ಚರ್ಮವನ್ನು ಬರಿಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬಿಲ್ಲೆಯನ್ನು ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲೆ ಇಟ್ಟಿರಬೇಕು. ಕೈಯ ಬಿಸಿಗೆ ಅಂಟು ಬಲವಾಗಿ ಹಿಡಿಯುತ್ತದೆ.

ಮಲಗುವ ಬಗೆಗೆ ಕಟ್ಟುನಿಟ್ಟಿಲ್ಲ. ಅಂಗಾತವಾಗಿ ಅಥವಾ ಮಗ್ಗುಲಾಗಿ ಮಲಗಬಹುದು. ಅಡಿಗೆ ಒಂದು ದಪ್ಪ ಟವೆಲು ಹಾಸಿಕೊಂಡರೆ ಮನಸ್ಸಿಗೆ ನಿಶ್ಚಿಂತೆ. ಇಲಿಯಾಸ್ಟಮಿಯವರು ರಾತ್ರಿ ಒಮ್ಮೆ ಏಳುವುದು ಸಾಮಾನ್ಯ. ಆದುದರಿಂದ ಬಾಗಿಲ ಬಳಿ, ಯಾರನ್ನೂ ದಾಟದೆ ಎದ್ದು ಹೋಗಬಹುದಾದ ಜಾಗ ಅವರದಾಗಲಿ. ಯೂರಾಸ್ಟಮಿಯವರ ಪಾಡು ಬೇರೆ. ಹೊಟ್ಟೆಯ ಚೀಲಕ್ಕೆ ಕೊಳವೆ ಜೋಡಿಸಿ, ಸುಮಾರು ಎರಡು ಲೀಟರು ಹಿಡಿಯುವ ರಾತ್ರಿಚೀಲಕ್ಕೆ ಮೂತ್ರವನ್ನು ಇಳಿಸುತ್ತಾರೆ. ಅದು ದೇಹಕ್ಕಿಂತ ತಗ್ಗಿನಲ್ಲಿ ಇದ್ದರೆ ಮಾತ್ರ ಹರಿಯುತ್ತದೆ. ಜಮಖಾನದ ಮೇಲೆ ಎಲ್ಲರೊಡನೆ ಸಾಲಾಗಿ ಮಲಗಿದರೆ ತಗ್ಗು ಎಲ್ಲಿ ಬಂತು? ಅವರು ಮಂಚವನ್ನು ಕೇಳಿದರೆ ಅದು ದೊಡ್ಡಸ್ತಿಕೆಯ ಮಾತಲ್ಲ, ಅಗತ್ಯದ ಮಾತು.

ಎಷ್ಟು ಎಚ್ಚರಿಕೆಯಿದ್ದರೂ ಎಂದಾದರೊಂದು ರಾತ್ರಿ ಚೀಲ ಸೋರಬಹುದು. ಆಗ ಕೈಚೀಲ, ಟವೆಲು, ಬದಲಿ ಬಟ್ಟೆ ಇವು ಹತ್ತಿರವಿದ್ದರೆ ಹದಿನೈದು ನಿಮಿಷದ ಕೆಲಸ. ಕಳಚಿದ ಚೀಲವನ್ನು ಶೌಚದ ಗುಂಡಿಗೆ ಎಂದಿಗೂ ಹಾಕಬಾರದು, ಕೊಳವೆ ಕಟ್ಟಿಕೊಳ್ಳುತ್ತದೆ. ಖಾಲಿ ಮಾಡಿ, ಹಾಳೆಯಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಕಟ್ಟಿ, ಕಸದ ತೊಟ್ಟಿಗೆ ಹಾಕಬೇಕು.

ಕೆಲವು ಚಿಹ್ನೆಗಳನ್ನು ಮಾತ್ರ ಬೆಳಗಾಗಲಿ ಎಂದು ಮುಂದೂಡಬಾರದು. ನಾಲ್ಕಾರು ಗಂಟೆಗಳಿಂದ ಚೀಲಕ್ಕೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾಗುತ್ತಿದ್ದರೆ, ಸ್ಟೋಮಾದ ಕೆಂಪು ಹೋಗಿ ನೇರಳೆಗೋ ಕಪ್ಪಿಗೋ ತಿರುಗಿದ್ದರೆ, ರಕ್ತ ನಿಲ್ಲದೆ ಹರಿಯುತ್ತಿದ್ದರೆ, ಆ ಊರಿನ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಹೊರಡುವ ಮೊದಲೇ ಅದರ ವಿಳಾಸ ತಿಳಿದಿರುವುದು ಒಳ್ಳೆಯದು.

ಆತಿಥೇಯರ ಪಾಲು

ಇಷ್ಟೆಲ್ಲ ಸಿದ್ಧತೆ ಅತಿಥಿಯದಾದರೆ ಮನೆಯವರ ಪಾಲು ಅತ್ಯಲ್ಪ. ಸ್ನಾನಗೃಹದಲ್ಲಿ ಮುಚ್ಚಳವಿರುವ ಒಂದು ಕಸದ ಬುಟ್ಟಿ, ಕೈಚೀಲ ತೂಗುಹಾಕಲು ಒಂದು ಮೊಳೆ, ಸರಿಯಾಗಿ ಬೀಳುವ ಚಿಲಕ, ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. “ಒಳಗೆ ಎಷ್ಟು ಹೊತ್ತು?” ಎಂದು ಬಾಗಿಲು ತಟ್ಟದಿರುವುದು, “ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕು” ಎಂದು ಬಲವಂತ ಮಾಡದಿರುವುದು, ಇವಕ್ಕಂತೂ ಯಾವ ಖರ್ಚೂ ಇಲ್ಲ.

ಕೆಲವು ಮನೆಗಳಲ್ಲಿ ಮಡಿಯ ಪ್ರಶ್ನೆ ತಲೆ ಎತ್ತುತ್ತದೆ. ಹೊಟ್ಟೆಯ ಮೇಲೆ ಚೀಲವಿರುವವರು ಪೂಜೆಗೆ ಕೂರಬಹುದೇ, ಧಾರೆ ಎರೆಯಬಹುದೇ ಎಂದು ಹಿರಿಯರು ಅನುಮಾನಿಸುತ್ತಾರೆ. ಮಗಳ ಧಾರೆಯ ಹೊತ್ತಿಗೆ ತಂದೆಯನ್ನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರೆ, ಶಸ್ತ್ರವೈದ್ಯರು ಉಳಿಸಿಕೊಟ್ಟ ಜೀವವನ್ನು ಬಂಧುಗಳೇ ಅವಮಾನಿಸಿದಂತಾಯಿತು. ದೇಹದೊಳಗಿನ ಮಲ ಯಾರ ಮಡಿಯನ್ನೂ ಕೆಡಿಸುವುದಿಲ್ಲವೆಂದಮೇಲೆ, ಗಾಳಿಯೂ ಆಡದಂತೆ ಮುಚ್ಚಿದ ಚೀಲದಲ್ಲಿರುವುದು ಕೆಡಿಸುವುದು ಹೇಗೆ? ಸ್ನಾನ ಮಾಡಿ, ಚೀಲ ಬದಲಿಸಿ, ಮಡಿಯುಟ್ಟು ಬಂದವರನ್ನು ಮಣೆಯ ಮೇಲೆ ಕೂರಿಸುವುದಕ್ಕೆ ಹಿಂಜರಿಯಬೇಕಾದ ಕಾರಣ ಕಾಣುವುದಿಲ್ಲ.

ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಚೀಲ ಧರಿಸಿದವರ ಸ್ವಂತ ನಿರ್ಧಾರ. ಮನೆಮಂದಿಗೆಲ್ಲ ಸಾರಬೇಕಾಗಿಲ್ಲ. ಆದರೆ ಆ ಮನೆಯ ಒಬ್ಬರಿಗಾದರೂ, ಅತ್ತಿಗೆಗೋ ಭಾವಮೈದುನನಿಗೋ, ಎರಡು ಮಾತಿನಲ್ಲಿ ತಿಳಿಸಿದರೆ ನಡುರಾತ್ರಿಯಲ್ಲಿ ಒಬ್ಬಂಟಿಯಾಗಿ ಹೆಣಗುವ ಪ್ರಸಂಗ ತಪ್ಪುತ್ತದೆ. ಹೇಳುವುದಕ್ಕೆ ಮುನ್ನ ಅನುಭವಿಸಿದ ಸಂಕೋಚಕ್ಕೆ ಹೋಲಿಸಿದರೆ ಕೇಳಿದವರ ಆಶ್ಚರ್ಯ ಬಹಳ ಚಿಕ್ಕದು. “ಇಷ್ಟೇ ತಾನೆ? ಮೊದಲೇ ಹೇಳಬಾರದಿತ್ತೇ?” ಎಂಬ ಉತ್ತರವನ್ನೇ ಹೆಚ್ಚಾಗಿ ನಿರೀಕ್ಷಿಸಬಹುದು.

ಮೊದಲ ಸಲವೇ ದೂರದ ಯಾತ್ರೆ ಬೇಡ. ಅದೇ ಊರಿನಲ್ಲಿರುವ ಮಗನ ಮನೆಯಲ್ಲಿ ಅಥವಾ ತಂಗಿಯ ಮನೆಯಲ್ಲಿ ಒಂದು ರಾತ್ರಿ ಇದ್ದು ಬರಬೇಕು. ಏನು ಮರೆತಿತ್ತು, ಏನು ಹೆಚ್ಚಾಯಿತು ಎಂಬುದು ಆ ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ಎರಡನೆಯ ಸಲಕ್ಕೆ ಬೇರೆ ಊರು; ಆಮೇಲೆ ರಾತ್ರಿಯ ರೈಲು. ಅಮೆರಿಕದ ರಾಲ್ಫ್ ಬೆನರ್ಷ್ಕೆ ಎಂಬ ಫುಟ್‌ಬಾಲ್ ಆಟಗಾರ 1979ರಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಿಂದ ಸಾವಿನ ದವಡೆಯನ್ನು ಪಾರಾಗಿ, ಮರುವರ್ಷವೇ ಚೀಲ ಧರಿಸಿಕೊಂಡು ಊರೂರು ತಿರುಗಿ ಪಂದ್ಯಗಳನ್ನು ಆಡಿದ. ಎಲ್ಲರೂ ಮೈದಾನಕ್ಕೆ ಇಳಿಯಬೇಕಾಗಿಲ್ಲ. ಮೊಮ್ಮಗುವಿನ ನಾಮಕರಣದ ದಿನ ತೊಟ್ಟಿಲ ಬಳಿ ನಿಂತಿದ್ದರೆ ಸಾಕು. ಅದಕ್ಕೆ ಬೇಕಾದದ್ದು ಹೊಟ್ಟೆಯ ಮೇಲೆ ಸರಿಯಾಗಿ ಅಂಟಿದ ಒಂದು ಚೀಲ, ಕೈಯಲ್ಲಿ ಸಿದ್ಧವಾದ ಇನ್ನೊಂದು ಚೀಲ, ಮತ್ತು “ಬನ್ನಿ, ನಿಮಗಾಗಿ ಬಾಗಿಲ ಬಳಿಯ ಮಂಚ ಇಟ್ಟಿದ್ದೇವೆ” ಎನ್ನುವ ಒಂದು ಮನೆ.